ಬೀಜದಿಂದ ಬಂದ ದೇವಗಣಗಿಲೆ

ಮಾಟುಂಗಾ, ಮುಂಬಯಿ
೮ ಏಪ್ರಿಲ್ ೧೯೫೬

ಸರಸ್ವತಕ್ಕನಿಗೆ ರಮೆಯ ನಮಸ್ಕಾರಗಳು.

ನಾವು ಮೂವರೂ ಆರೋಗ್ಯವಾಗಿದ್ದೇವೆ. ಮೈಸೂರಿನಲ್ಲಿ ನೀವು, ಭಾವನವರು, ಸದು ಕೂಡ ಹಾಗೆಯೇ ಇದ್ದೀರೆಂದು ತಿಳಿಯುತ್ತೇನೆ. ಈ ಲಕೋಟೆ ಇಷ್ಟು ಉಬ್ಬಿಕೊಂಡಿರುವುದಕ್ಕೆ ಕಾರಣ ಶೇಖರ. ಒಳಗೆ ದೇವಗಣಗಿಲೆಯ ಬೀಜಗಳಿವೆ. ಉದುರಿಹೋಗದಂತೆ ಬಿಚ್ಚಿ.

ಹಿಂದಿನ ತಿಂಗಳು ಶಾಲೆಯ ಗೆಳೆಯನ ಜೊತೆ ಬಾಂದ್ರಾಕ್ಕೆ ಹೋಗಿದ್ದ. ಅಲ್ಲಿ ಕ್ರೈಸ್ತರ ಸಮಾಧಿಗಳ ಗೋಡೆಗೆ ಹೊಂದಿಕೊಂಡು ಒಂದು ಹಳೆಯ ಮರವಿದೆಯಂತೆ. ಬಿಳಿ ಹೂವು, ನಡುವೆ ಹಳದಿ. ಕೆಳಗೆ ಬಿದ್ದಿದ್ದ ಜೋಡಿ ಕಾಯಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದ. ಒಣಗಿ ಕಪ್ಪಾಗಿ ಆಡಿನ ಕೊಂಬಿನ ಹಾಗಿತ್ತು. ಇವರು ನೋಡಿ, "ಗೋರಿ ಮರದ ಕಾಯಿ ಮನೆಯೊಳಗೆ ತಂದೆಯಲ್ಲೋ" ಎಂದು ರೇಗಿದರು. ಅವನು, "ಅದೇ ಹೂವನ್ನ ದೇವರಿಗೂ ಇಡ್ತಾರಲ್ಲಪ್ಪ, ಹೂವಿಗೇನು ಗೊತ್ತು" ಅಂದ. ಇವರಿಗೆ ನಗು ಬಂತು. ಅಲ್ಲಿಗೆ ಜಗಳ ಮುಗಿಯಿತು.

ಪಕ್ಕದ ಕೋಣೆಯ ಶೀಲಾವತಿ ನಿಮಗೆ ನೆನಪಿರಬಹುದು, ಉಡುಪಿ ಕಡೆಯವರು. ಅವರ ಯಜಮಾನರು ಫೋರ್ಟಿನ ಹೋಟೆಲಿನಲ್ಲಿ ಗಲ್ಲಾ ಪೆಟ್ಟಿಗೆಯ ಮುಂದೆ ಕೂರುತ್ತಾರೆ. ಶೀಲಾವತಿ ಈ ಹೂವಿಗೆ ಗೋಸಂಪಿಗೆ ಅನ್ನುತ್ತಾರೆ. "ಬೀಜ ಯಾಕೆ ಮಾರಾಯ? ಒಂದು ಕೊಂಬೆ ಮುರಿದು ನೆಟ್ಟಿದ್ರೆ ಬರುವ ವರ್ಷವೇ ಹೂ. ಬೀಜದ್ದಾದ್ರೆ ಮೂರ್ನಾಲ್ಕು ವರ್ಷ ಕಾಯ್ಬೇಕು. ಅದೂ ತಾಯಿಮರದ ಬಣ್ಣವೇ ಬರ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ" ಎಂದರು. ಶೇಖರ, "ಕೊಂಬೆ ಮುರಿದರೆ ಪಾದ್ರಿ ಬೈತಾರೆ ಅಕ್ಕ. ಬಿದ್ದ ಕಾಯಿಗೆ ಯಾರೂ ಬೈಯಲ್ಲ" ಎಂದ.

ತಮ್ಮನಿಗೂ ಬೀಜ ಕಳಿಸಬೇಕೆಂಬ ಹಟ ಅವನದೇ. ಸದುವನ್ನು ನಿಮಗೆ ದತ್ತು ಕೊಟ್ಟಾಗ ಶೇಖರನಿಗೆ ಒಂಬತ್ತು ವರ್ಷ. ಎಲ್ಲ ಗೊತ್ತಿದೆ. ಆದರೂ ನಾವು ಹೇಳಿಕೊಟ್ಟಂತೆ "ದೊಡ್ಡಪ್ಪನ ಮಗ" ಎಂದೇ ಅನ್ನುತ್ತಾನೆ, ಒಮ್ಮೆಯೂ ತಪ್ಪಿಲ್ಲ. ಅವನ ಚೀಟಿ ಕೆಳಗಿದೆ.

ನಿಮ್ಮ
ರಮಾ

ಚಿ. ಸದುಗೆ ಬೊಂಬಾಯಿ ಅಣ್ಣ ಬರೆಯುವುದು. ಬೀಜಕ್ಕೆ ಕಾಗದದ ಹಾಗೆ ಒಂದು ರೆಕ್ಕೆ ಇದೆ. ಕೀಳಬೇಡ. ರಾತ್ರಿ ಬೆಚ್ಚಗಿನ ನೀರಲ್ಲಿ ನೆನೆಹಾಕು. ಬೆಳಗ್ಗೆ ದಪ್ಪ ತುದಿ ಕೆಳಗೆ, ರೆಕ್ಕೆ ಮಣ್ಣಿನಿಂದ ಮೇಲೆ ಕಾಣಬೇಕು. ಅರ್ಧ ಮಣ್ಣು, ಅರ್ಧ ಮರಳು. ಬಿಸಿಲಲ್ಲಿಡು. ಮಣ್ಣು ಒಣಗಿದರೆ ಮಾತ್ರ ನೀರು. ದಿನಾ ಹಾಕಿದರೆ ಕೊಳೆಯುತ್ತೆ. ಮುಖ್ಯವಾದದ್ದು: ಬಂತಾ ಅಂತ ಅಗೆದು ನೋಡಬೇಡ. ನಿನ್ನ ಸ್ವಭಾವ ನನಗೆ ಗೊತ್ತು.
— ಶೇಖರ


ಮೈಸೂರು
೨ ಮೇ ೧೯೫೬

ಚಿ. ಸೌ. ರಮಾಮಣಿಗೆ ಆಶೀರ್ವಾದಗಳು.

ಬೀಜ ತಲುಪಿತು. ಶೇಖರನಿಗೆ ತಿಳಿಸು: ಅವನು ಏನು ಮಾಡಬೇಡ ಅಂದನೋ ಸದು ಅದನ್ನೇ ಮಾಡಿದ. ದಿನಾ ಬೆಳಗ್ಗೆ ಎದ್ದವನೇ ಬೆರಳಿನಿಂದ ಅಗೆದು ನೋಡಿ ಮತ್ತೆ ಮುಚ್ಚುತ್ತಿದ್ದ. "ಪಾಪ, ಒಳಗೆ ಉಸಿರು ಕಟ್ಟತ್ತೆ ಅಮ್ಮ" ಎಂದು ನನಗೇ ಬುದ್ಧಿ ಹೇಳಿದ. ನಿಮ್ಮ ಭಾವನವರು ಎರಡು ಬೀಜ ಅವನಿಗೆ ಗೊತ್ತಾಗದ ಹಾಗೆ ಬಚ್ಚಲ ಹಿಂದಿನ ಮಡಿಯಲ್ಲಿ ಹಾಕಿದ್ದರು. ಆ ಎರಡೇ ಬಂದದ್ದು. ಮೊಳಕೆ ಬಂದಾಗ ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ಹೊತ್ತುಕೊಂಡೇ ಎದ್ದಿತು. ಸದು ಅದಕ್ಕೆ ಕೈಮುಗಿದ.

ರಜ ಮುಗಿದ ಮೇಲೆ ಅವನನ್ನು ಒಂದನೇ ಕ್ಲಾಸಿಗೆ ಸೇರಿಸುತ್ತೇವೆ. ಎತ್ತರವಾಗಿದ್ದಾನೆ.

ಸರಸ್ವತಿ


ಮಾಟುಂಗಾ, ಮುಂಬಯಿ
೧೭ ಜೂನ್ ೧೯೫೬

ತೀರ್ಥರೂಪ ಸಮಾನರಾದ ತಿರುಮಲೇಶಣ್ಣನವರಿಗೆ,

ತಂತಿ ತಲುಪಿರುತ್ತದೆ. ಅದರಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಬಂದ ಮೇಲೆ ಬಾಯಿಂದ ಹೇಳಲು ನನ್ನಿಂದಾಗುವುದಿಲ್ಲ.

ಶೇಖರ ಇಲ್ಲಿ ಹಾಕಿದ್ದ ದೇವಗಣಗಿಲೆಯ ಸಸಿಗಳು ಗೇಣುದ್ದವಾಗಿದ್ದವು. ಮಳೆಗೆ ಮುಂಚೆ ಬೇರೆ ಬೇರೆ ಡಬ್ಬಗಳಿಗೆ ಹಾಕಬೇಕೆಂದು ಈ ತಿಂಗಳ ಮೊದಲ ಭಾನುವಾರ ಗ್ಯಾಲರಿಯಲ್ಲಿ ಕುಳಿತಿದ್ದ. ವನಸ್ಪತಿಯ ಹಳೆಯ ಡಬ್ಬಗಳು. ನೀರು ನಿಲ್ಲದಿರಲೆಂದು ತಳಕ್ಕೆ ಮೊಳೆಯಿಂದ ತೂತು ಹೊಡೆದ. ಎದ್ದಾಗ ಆ ಮೊಳೆಯನ್ನೇ ತುಳಿದ. ರಮಾ ಅರಿಸಿನ ಸುಣ್ಣ ಕಟ್ಟಿದಳು. ಮನೆಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ಗಾಯ ಮಾಯಿತು. ಅವನು ಶಾಲೆಗೂ ಹೋದ. ಮುಂದಿನ ವಾರ ದವಡೆ ಹಿಡಿದುಕೊಂಡಿತು, ಊಟ ಬೇಡವೆಂದ. ಹಲ್ಲುನೋವೆಂದು ತಿಳಿದೆವು. ಬೆನ್ನು ಬಿಲ್ಲಿನ ಹಾಗೆ ಬಗ್ಗಿದ ಮೇಲೆ ಆಸ್ಪತ್ರೆಗೆ ಸೇರಿಸಿದೆವು. ಧನುರ್ವಾಯು ಎಂದರು. ಗಾಯವಾದ ದಿನವೇ ಇಂಜೆಕ್ಷನ್ ಕೊಡಿಸಿದ್ದಿರಾ ಎಂದು ಡಾಕ್ಟರು ಕೇಳಿದರು. ಇಲ್ಲವೆಂದೆ.

ಕೊನೆಯವರೆಗೂ ಅವನಿಗೆ ಜ್ಞಾನವಿತ್ತು.

ನೀವು ಬರುವಾಗ ಅತ್ತಿಗೆಯವರನ್ನೂ ಕರೆತನ್ನಿ. ರಮಾ ಯಾರ ಜೊತೆಗೂ ಮಾತಾಡುತ್ತಿಲ್ಲ.

ಕೇಶವಮೂರ್ತಿ


ಮಾಟುಂಗಾ
೧೯ ಆಗಸ್ಟ್ ೧೯೫೬

ಅಕ್ಕನಿಗೆ,

ನೀವು ಊರು ತಲುಪಿ ಬರೆದ ಕಾಗದ ಬಂದು ಬಹಳ ದಿನವಾಯಿತು. ಬರೆಯಲು ಏನೂ ಇರಲಿಲ್ಲ. ಈಗಲೂ ಇಲ್ಲ. ಗಿಡದ ವಿಷಯ ಬರೆಯುತ್ತೇನೆ.

ವೈಕುಂಠಸಮಾರಾಧನೆ ಮುಗಿಸಿ ನೀವು ಹೊರಟ ಮಾರನೆಯ ದಿನ ಇವರು ಡಬ್ಬಗಳನ್ನೆಲ್ಲ ತೆಗೆದುಕೊಂಡು ಹೋಗಿ ಚಾಳ್‌ನ ಕಸದ ತೊಟ್ಟಿಯ ಹತ್ತಿರ ಇಟ್ಟು ಬಂದರು. ನಾನು ಹೋಗಿ ವಾಪಸು ತಂದೆ. ಮರುದಿನ ಮತ್ತೆ ಇಟ್ಟರು, ಮತ್ತೆ ತಂದೆ. ಮೂರನೆಯ ಸಲ ಇವರು ಮುಟ್ಟಲಿಲ್ಲ.

ಐದು ಸಸಿಗಳಿದ್ದವು. ನಾನು ದಿನಾ ನೀರು ಹಾಕುತ್ತಿದ್ದೆ. ಬೆಳಗ್ಗೆ ಎದ್ದರೆ ಕೈಗೆ ಅದೊಂದೇ ಕೆಲಸವಿತ್ತು. ಮೇಲೆ ಜುಲೈ ತಿಂಗಳ ಮಳೆಯ ಇರಿಚಲು ಬೇರೆ. ಒಂದೊಂದೇ ಬುಡದಲ್ಲಿ ಕಪ್ಪಾಗಿ, ಮೆತ್ತಗಾಗಿ ಬಾಗಿದವು. ಶೀಲಾವತಿ ಬಂದು ನನ್ನ ಕೈಯಿಂದ ಚೊಂಬು ಕಿತ್ತುಕೊಂಡರು. "ನೀರು ಹೊಯ್ದು ಹೊಯ್ದು ಕೊಲ್ತೀರಿ ನೀವು ಇದನ್ನು! ಪ್ರೀತಿ ಹೆಚ್ಚಾದ್ರೆ ಬದುಕುವ ಜಾತಿ ಅಲ್ಲ ಇದು" ಎಂದರು. ಆಮೇಲೆ ತಾವು ಏನಂದೆವೆಂದು ತಿಳಿದು ಅಲ್ಲೇ ಕುಳಿತು ಅತ್ತರು. ಈಗ ಎರಡು ಉಳಿದಿವೆ. ಗೋಡೆಯ ಪಕ್ಕ, ಸೂರಿನ ಒಳಗೆ ಇಟ್ಟಿದ್ದೇನೆ. ಕಾಂಡವನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಅಮುಕಿ ನೋಡುತ್ತೇನೆ. ಗಟ್ಟಿಯಾಗಿವೆ.

ನೀವು ಬಂದಾಗ ಸದುವನ್ನು ನಿಮ್ಮ ತಾಯಿಯ ಹತ್ತಿರ ಬಿಟ್ಟು ಬಂದಿರಿ. ಸಾವಿನ ಮನೆಗೆ ಮಗುವನ್ನು ತರಬಾರದೆಂದಿರಿ. ಸರಿಯೇ.

ರಮಾ


ಮೈಸೂರು
೩೦ ಸೆಪ್ಟೆಂಬರ್ ೧೯೫೬

ಚಿ. ಸೌ. ರಮಾಗೆ,

ನಿನ್ನ ಕಾಗದವನ್ನು ಬಹಳ ಸಲ ಓದಿದೆ. ಇಲ್ಲಿ ಮಳೆ ಅಷ್ಟಿಲ್ಲ. ನಮ್ಮ ಎರಡೂ ಗಿಡ ನೆಲದಲ್ಲಿರುವುದರಿಂದಲೋ ಏನೋ ಮೊಣಕಾಲೆತ್ತರ ಬಂದಿವೆ. ಅಂಗೈ ಅಗಲದ ಎಲೆ. ಸದು ದಿನಾ ಅಳೆಯುತ್ತಾನೆ.

ಇದನ್ನು ಬರೆದ ಮೇಲೆ ಬರೆಯಬಾರದಿತ್ತು ಅನ್ನಿಸಿತು. ಹೊಡೆದು ಹಾಕಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ ಎಂದು ಹಾಗೆಯೇ ಬಿಟ್ಟಿದ್ದೇನೆ.

ಸರಸ್ವತಿ


ಮಾಟುಂಗಾ
೯ ಡಿಸೆಂಬರ್ ೧೯೫೬

ಅಕ್ಕನಿಗೆ,

ಚಳಿ ಶುರುವಾದ ಮೇಲೆ ಗಿಡಗಳ ಎಲೆ ಎಲ್ಲ ಉದುರಿತು. ಎರಡು ಬೋಳು ಕಡ್ಡಿ ಉಳಿದಿವೆ. ಸತ್ತವೆಂದು ತಿಳಿದೆ. ಶೀಲಾವತಿ, "ಸಾಯ್ಲಿಲ್ಲ, ಮಲಗಿದೆ. ಈಗ ನೀರೇ ಬೇಡ. ಏಳುವಾಗ ಅದೇ ಏಳ್ತದೆ" ಎಂದಿದ್ದಾರೆ. ಹೋದ ಭಾನುವಾರ ಇವರು ದಾದರ್ ಸಮುದ್ರದಿಂದ ಚೀಲದಲ್ಲಿ ಮರಳು ತಂದು ಗ್ಯಾಲರಿಯಲ್ಲಿಟ್ಟರು. ನಾನು ಅದನ್ನು ಉಪ್ಪು ಹೋಗುವಂತೆ ತೊಳೆದು ಒಣಗಿಸಿ ಡಬ್ಬದ ಮಣ್ಣಿಗೆ ಬೆರೆಸಿದೆ.

ಅಕ್ಕ, ನಾನು ಈ ಕಾಗದ ಬರೆಯುತ್ತಿರುವುದು ಗಿಡದ ವಿಷಯಕ್ಕಲ್ಲ.

ದತ್ತು ಕೊಟ್ಟ ದಿನ ನಿಮಗೆ ನೆನಪಿದೆಯೇ? ಇವರು ನಿಮ್ಮವರ ಕೈಗೆ ನೀರು ಬಿಟ್ಟರು. ಭಾವನವರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನೆತ್ತಿ ಮೂಸಿದರು. ಅದಕ್ಕೆ ಮುಂಚೆ ಪುರೋಹಿತರು ನನ್ನನ್ನು ಕೇಳಿದರು, ತಾಯಿಗೆ ಒಪ್ಪಿಗೆಯೇ ಎಂದು. ನಾನು ತಲೆ ಆಡಿಸಿದೆ. "ತಲೆ ಆಡಿಸಿದರೆ ಆಗೋಲ್ಲಮ್ಮ, ಬಾಯಲ್ಲಿ ಹೇಳಬೇಕು" ಎಂದರು. ಹೇಳಿದೆ. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ನಿಮ್ಮ ಬರಿದಾದ ಮನೆಯನ್ನು ನಾನೂ ನೋಡಿದ್ದೆ. ಒಬ್ಬನೇ ಮಗನಿದ್ದರೆ ಕೊಡಬಾರದು, ಹಿರಿಯನನ್ನೂ ಕೊಡಬಾರದು, ಇದು ಶಾಸ್ತ್ರ. ನನಗೆ ಇಬ್ಬರಿದ್ದರು, ಕಿರಿಯನನ್ನು ಕೊಟ್ಟೆ.

ಈಗ ಇಬ್ಬರಿಲ್ಲ ಅಕ್ಕ. ಶಾಸ್ತ್ರ ಆವತ್ತಿನ ಲೆಕ್ಕವನ್ನು ಮಾತ್ರ ನೋಡುತ್ತದೆಯೇ?

ನನಗೆ ಸದುವನ್ನು ವಾಪಸು ಕೊಡಿ. ಇವರಿಗೆ ಹೇಳದೆ ಬರೆಯುತ್ತಿದ್ದೇನೆ.

ರಮಾ


ಮೈಸೂರು
೨೦ ಜನವರಿ ೧೯೫೭

ರಮಾ,

ಇಷ್ಟು ತಡವಾದದ್ದಕ್ಕೆ ಕ್ಷಮಿಸು. ಏಳೆಂಟು ಸಲ ಬರೆದು ಹರಿದಿದ್ದೇನೆ.

ನಿನ್ನ ಕಾಗದವನ್ನು ಇವರಿಗೆ ತೋರಿಸಿದೆ. ತೋರಿಸದಿರಲು ಆಗಲಿಲ್ಲ. ಇವರು ಮಠಕ್ಕೂ ಹೋಗಿ ಕೇಳಿದರು, ವಕೀಲರನ್ನೂ ಕಂಡರು. ಕೊಟ್ಟ ದತ್ತು ಕೊಟ್ಟದ್ದೇ ಎಂದು ಮಠದಲ್ಲಿ ಹೇಳಿದರು. ಹೋದ ತಿಂಗಳು ಜಾರಿಗೆ ಬಂದ ಹೊಸ ಕಾಯಿದೆಯೂ ಹಾಗೆಯೇ ಹೇಳುತ್ತದಂತೆ; ತೆಗೆದುಕೊಂಡವರೂ ಬಿಡುವಂತಿಲ್ಲ, ಮಗುವೂ ಹುಟ್ಟಿದ ಮನೆಗೆ ಹಿಂತಿರುಗುವಂತಿಲ್ಲ. ಎಲ್ಲ ನನ್ನ ಕಡೆಗೇ ಇದೆ. ಅದರಿಂದ ನನಗೆ ಸಮಾಧಾನವಾಯಿತೆಂದು ತಿಳಿಯಬೇಡ. ಒಂದು ವೇಳೆ ಕಾಯಿದೆ ನಿನ್ನ ಕಡೆ ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಮಗುವನ್ನು ಕರೆದುಕೊಂಡು ಎಲ್ಲಾದರೂ ಓಡಿಹೋಗುತ್ತಿದ್ದೆ. ಇದು ನಿಜ, ನಿನಗೆ ಸುಳ್ಳು ಬರೆಯಲಾರೆ.

ಅವನು ನಮ್ಮ ಮನೆಗೆ ಬಂದ ಹೊಸತರಲ್ಲಿ ಒಂದು ತಿಂಗಳು ನಿನ್ನನ್ನು ಕೇಳಿ ಅತ್ತ. ನಾನು ಎತ್ತಿಕೊಂಡರೆ ಒದೆಯುತ್ತಿದ್ದ. ಇದನ್ನು ಆಗ ನಿನಗೆ ಬರೆಯಲಿಲ್ಲ. ಆಮೇಲೆ ಒಂದು ದಿನ ತಾನಾಗಿಯೇ ಬಂದು ನನ್ನ ಸೆರಗಿನಿಂದ ಮೂಗು ಒರೆಸಿಕೊಂಡ. ಅವನಿಗೆ ಆ ಒಂದು ತಿಂಗಳು ನೆನಪಿಲ್ಲ. ಅದನ್ನು ಎರಡನೆಯ ಸಲ ಅವನಿಗೆ ಕೊಡಲು ನನಗೆ ಮನಸ್ಸಿಲ್ಲ.

ಬೇಸಿಗೆ ರಜಕ್ಕೆ ಕಳಿಸುತ್ತೇನೆ. ಪೂರಾ ರಜ ನಿನ್ನ ಹತ್ತಿರವೇ ಇರಲಿ. ಮುಂದಿನ ವರ್ಷ ಉಪನಯನ ಮಾಡುವಾಗ ಅವನಿಗೆ ಎಲ್ಲ ತಿಳಿಸಬೇಕೆಂದು ಇವರು ಅಂದುಕೊಂಡಿದ್ದಾರೆ. ಅಲ್ಲಿಯವರೆಗೆ ನೀನು ಹೇಳುವುದಿಲ್ಲವೆಂದು ಮಾತು ಕೊಡು. ನನ್ನ ಕೈ ಮುಟ್ಟಿ ಹೇಳಿದ ಹಾಗೆ ಬರೆದು ಕಳಿಸು.

ಸರಸ್ವತಿ


ಮಾಟುಂಗಾ
೩ ಫೆಬ್ರವರಿ ೧೯೫೭

ಅಕ್ಕ,

ಹೇಳುವುದಿಲ್ಲ. ಕಳಿಸಿ.

ರಮಾ


ಮೈಸೂರು
೧೪ ಏಪ್ರಿಲ್ ೧೯೫೭

ಚಿ. ಸೌ. ರಮಾಗೆ,

ಬುಧವಾರ ಇವರೂ ಸದುವೂ ಹೊರಡುತ್ತಾರೆ. ಇವರು ಅವನನ್ನು ಬಿಟ್ಟು, ಎರಡು ದಿನವಿದ್ದು ವಾಪಸಾಗುತ್ತಾರೆ. ಅವನ ವಿಷಯ ಕೆಲವು ತಿಳಿಸಬೇಕು. ಹುಳಿಯಲ್ಲಿ ಬದನೆಕಾಯಿ ಬಿದ್ದರೆ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾನೆ, ಬೈಯಬೇಡ. ರಾತ್ರಿ ಹಾಲಿಗೆ ಸಕ್ಕರೆ ಬೇಡ, ಬೆಲ್ಲ. ತಲೆಗೆ ನೀರು ಹಾಕುವಾಗ ಕಣ್ಣು ಮುಚ್ಚಿಕೋ ಎಂದು ಮೊದಲೇ ಹೇಳದಿದ್ದರೆ ಕಿರುಚುತ್ತಾನೆ. ಜ್ವರ ಬರುವ ಮುಂಚೆ ಅವನ ಕಿವಿ ಬಿಸಿಯಾಗುತ್ತದೆ. ಮಲಗುವಾಗ ಬೆನ್ನು ತಟ್ಟಬಾರದು, ಪಕ್ಕದಲ್ಲಿ ಸುಮ್ಮನೆ ಕೂತಿದ್ದರೆ ಸಾಕು.

ಇದನ್ನೆಲ್ಲ ನಿನಗೆ ನಾನು ಬರೆಯಬೇಕಾಗಿ ಬಂದಿದೆಯಲ್ಲ, ಅದು ನನಗೆ ಗೊತ್ತಿಲ್ಲವೆಂದಲ್ಲ.

ಸರಸ್ವತಿ


ಮಾಟುಂಗಾ
೨೮ ಏಪ್ರಿಲ್ ೧೯೫೭

ಅಕ್ಕನಿಗೆ ನಮಸ್ಕಾರಗಳು.

ಸದು ಚೆನ್ನಾಗಿದ್ದಾನೆ. ಲೋಕಲ್ ಟ್ರೈನ್ ನೋಡುವುದೇ ಕೆಲಸ. ಗ್ಯಾಲರಿಯ ಕೊನೆಗೆ ನಿಂತರೆ ಹಳಿ ಕಾಣುತ್ತದೆ. ಶೀಲಾವತಿಯವರ ಬಾಯಿಂದ ತುಳು ಕಲಿಯುತ್ತಿದ್ದಾನೆ. ಚಿಕ್ಕಪ್ಪನ ಜೊತೆ ಸ್ಟೇಷನ್ ಹತ್ತಿರ ಹೋಗಿ ಬಂದು, "ಚಿಕ್ಕಮ್ಮ, ನಿಮ್ಮೂರಲ್ಲಿ ಎಲ್ಲರೂ ಯಾಕೆ ಓಡ್ತಾರೆ? ಯಾರಾದರೂ ಬೈದ್ರಾ?" ಎಂದು ಕೇಳಿದ. ಇವರು ನಕ್ಕರು. ಹತ್ತು ತಿಂಗಳಾದ ಮೇಲೆ ಆ ಸದ್ದು ಕೇಳಿದೆ.

ಎರಡು ಗಿಡಗಳ ತುದಿಯಲ್ಲೂ ಹಸಿರು ಮೊಗ್ಗಿನ ಹಾಗೆ ಎಲೆ ಒಡೆದಿದೆ. ಸದು ನೋಡಿ, "ನಮ್ಮದು ಇದಕ್ಕಿಂತ ದೊಡ್ಡದು" ಅಂದ. ಆಮೇಲೆ ನನಗೆ ಬೇಜಾರಾಯಿತೆಂದು ತಿಳಿದು, "ನಿಮ್ಮದು ಡಬ್ಬದಲ್ಲಿದೆಯಲ್ಲ, ಪಾಪ, ಅದಕ್ಕೆ" ಎಂದು ಸೇರಿಸಿದ.

ಗೋಡೆಯ ಮೇಲಿನ ಶೇಖರನ ಪಟದ ಮುಂದೆ ನಿಂತು, "ಅಣ್ಣನ ಕಿವಿ ನನ್ನ ಹಾಗೇ ಇದೆ" ಎಂದ. ನಾನು ಅಕ್ಕಿ ಆರಿಸುತ್ತಿದ್ದೆ. "ಅಣ್ಣ ತಮ್ಮಂದಿರ ಮಕ್ಕಳಲ್ಲವಾ, ಹಾಗೇ ಇರುತ್ತೆ" ಎಂದೆ. ಮಾತು ಉಳಿಸಿಕೊಂಡಿದ್ದೇನೆ.

ಮಲಗುವಾಗ ಬೆನ್ನು ತಟ್ಟುತ್ತಿಲ್ಲ.

ರಮಾ


ಮಾಟುಂಗಾ
೧೨ ಮೇ ೧೯೫೭

ಅಕ್ಕನಿಗೆ,

ಈ ಕಾಗದ ನಿಮ್ಮ ಕೈ ಸೇರುವ ಮುಂಚೆಯೇ ಸದು ನಿಮ್ಮ ಮನೆಯಲ್ಲಿರುತ್ತಾನೆ. ರಜ ಮುಗಿಯಲು ಇನ್ನೂ ಎರಡು ವಾರವಿದೆ. ಮುಂಚಿತವಾಗಿ ಕಳಿಸಿದ್ದೇಕೆಂದು ಗಾಬರಿಯಾಗಬೇಡಿ. ಅವನ ಕಾಲಿನ ಪಟ್ಟಿ ನೋಡಿಯೂ ಹೆದರಬೇಡಿ.

ಗುರುವಾರ ಮಧ್ಯಾಹ್ನ ಟ್ರೈನ್ ಸದ್ದು ಕೇಳಿ ಓಡಿದ. ಗಿಡದ ಡಬ್ಬದ ಅಂಚು ತಗುಲಿ ಮೊಣಕಾಲಿನ ಕೆಳಗೆ ಹರಿಯಿತು. ದೊಡ್ಡ ಗಾಯವಲ್ಲ. ಆದರೆ ತುಕ್ಕು ಹಿಡಿದ ತಗಡು. ರಕ್ತ ನೋಡಿದ್ದೇ ನನ್ನ ಬುದ್ಧಿ ಸ್ತಿಮಿತದಲ್ಲಿರಲಿಲ್ಲ. ಅವನನ್ನು ಎತ್ತಿಕೊಂಡು ಬರಿಗಾಲಲ್ಲಿ ಮೆಟ್ಟಿಲಿಳಿದೆ. ಹಿಂದಿನಿಂದ ಶೀಲಾವತಿ ಚಪ್ಪಲಿ ಹಿಡಿದುಕೊಂಡು ಓಡಿಬಂದರು. ಡಾಕ್ಟರ ಹತ್ತಿರ ಸಾಲಿನಲ್ಲಿದ್ದವರನ್ನೆಲ್ಲ ತಳ್ಳಿ ಒಳಗೆ ನುಗ್ಗಿದೆ. ಇಂಜೆಕ್ಷನ್ ಕೊಡಿ, ಮೊದಲು ಇಂಜೆಕ್ಷನ್ ಕೊಡಿ ಎಂದು ಕೂಗಿದೆನಂತೆ. ಕೊಟ್ಟರು. ಆ ಚೀಟಿಯನ್ನು ಇವರ ಕೈಯಲ್ಲಿ ಕಳಿಸಿದ್ದೇನೆ. ಅಪಾಯವಿಲ್ಲ ಎಂದು ಡಾಕ್ಟರು ಇವರಿಗೂ ಹೇಳಿದ್ದಾರೆ.

ಸೂಜಿ ನೋಡಿ ಅವನು "ಅಮ್ಮಾ" ಎಂದು ಕಿರುಚಿದ. ನಾನು ಅವನನ್ನು ಎದೆಗೆ ಒತ್ತಿಕೊಂಡು, "ಇಲ್ಲೇ ಇದ್ದೀನಿ ಮಗು, ಇಲ್ಲೇ ಇದ್ದೀನಿ" ಎಂದೆ. ಅವನು ಎರಡು ಕೈಯಿಂದಲೂ ನನ್ನನ್ನು ದೂಡಿದ. "ನೀವಲ್ಲ! ನಮ್ಮಮ್ಮ ಬೇಕು!" ಎಂದ.

ಅವನ ತಪ್ಪಿಲ್ಲ. ನೋವಾದ ಮಗು ಯಾರನ್ನು ಕರೆಯಬೇಕೋ ಅವರನ್ನು ಕರೆಯಿತು. ಅಕ್ಕ, ಅವತ್ತಿನವರೆಗೆ ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ನಂಬಿಕೆಯಿತ್ತು. ಒಳಗೆ ಎಲ್ಲೋ ಅವನಿಗೆ ಗೊತ್ತಿರುತ್ತದೆ, ಸಮಯ ಬಂದಾಗ ಕಂಡುಹಿಡಿಯುತ್ತಾನೆ ಎಂದು. ಅಂತಹದ್ದೇನೂ ಇಲ್ಲ.

ಅವತ್ತು ಸಂಜೆ ಅವನು ಊಟ ಮಾಡಲಿಲ್ಲ. ಚಿಕ್ಕಪ್ಪನ ಹತ್ತಿರ ಹೋಗಿ, ಮೈಸೂರಿಗೆ ಯಾವ ಟ್ರೈನ್ ಹೋಗುತ್ತೆ ಎಂದು ಮೆಲ್ಲಗೆ ಕೇಳುತ್ತಿದ್ದ. ನನಗೆ ಕೇಳಿಸಬಾರದೆಂದು. ಇವರು ನನ್ನ ಮುಖ ನೋಡಿದರು. "ನಾಳೆಯೇ ರಜ ಬರೀರಿ" ಎಂದೆ. ಇವರಿಗೆ ಡಿಸೆಂಬರಿನ ನನ್ನ ಕಾಗದದ ವಿಷಯ ಗೊತ್ತಿತ್ತು ಅಕ್ಕ, ಭಾವನವರು ಹೇಳಿದ್ದರಂತೆ. ಇಷ್ಟು ದಿನ ನನ್ನ ಹತ್ತಿರ ಎತ್ತಲಿಲ್ಲ. "ನಾನೂ ಕೇಳಬೇಕು ಅಂತಲೇ ಇದ್ದೆ ಕಣೆ. ಕೈಯಾರೆ ನೀರು ಬಿಟ್ಟವನು, ಯಾವ ಬಾಯಲ್ಲಿ ಕೇಳಲಿ" ಎಂದರು.

ನಿನ್ನೆ ಬೋರಿಬಂದರ್ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಊರಿಗೆ ಹೋಗುತ್ತೇನೆಂಬ ಖುಷಿಯಲ್ಲಿ ಅವನು ಕಾಲಿನ ನೋವನ್ನೇ ಮರೆತಿದ್ದ. ಇವರು ನೀರು ತುಂಬಿಸಿಕೊಂಡು ಬರಲು ಹೋದರು. ಕಿಟಕಿಯ ಸರಳು ಹಿಡಿದುಕೊಂಡು ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಡಾಕ್ಟರ ಹತ್ತಿರ ದೂಡಿದ್ದು ಅವನಿಗೂ ಚುಚ್ಚುತ್ತಿತ್ತೋ ಏನೋ.

"ಚಿಕ್ಕಮ್ಮ, ಚಿಕ್ಕಪ್ಪ ಬರೋವರೆಗೂ ಮನೇಲಿ ನೀವೊಬ್ಬರೇನಾ?"

"ಹೂಂ. ಶೀಲಾವತಿ ಅತ್ತೆ ಪಕ್ಕದಲ್ಲೇ ಇದಾರಲ್ಲ."

"ಶೇಖರಣ್ಣ ಬಿಟ್ಟರೆ ನಿಮಗೆ ಬೇರೆ ಮಕ್ಕಳೇ ಇರಲಿಲ್ವಾ?"

ನಿಮಗೆ ಕೊಟ್ಟ ಮಾತು ನನಗೆ ಆಗ ನೆನಪಿರಲಿಲ್ಲ ಅಕ್ಕ. ನಿಜವಾಗಿ ಹೇಳುತ್ತೇನೆ, ಮಾತಿಗೆ ಕಟ್ಟುಬಿದ್ದು ನಾನು ಹಾಗೆ ಹೇಳಲಿಲ್ಲ. ಅವನು ನಿಶ್ಚಿಂತೆಯಿಂದ ನಿಮ್ಮ ಹತ್ತಿರ ಹೊರಟಿದ್ದ. ಆ ಮುಖ ನೋಡಿ ಹೇಳಿದೆ.

"ಇಲ್ಲ ಮಗು. ಅವನೊಬ್ಬನೇ."

"ಓ" ಎಂದ. ಗಾರ್ಡು ಸೀಟಿ ಊದಿದ. ಇವರು ಓಡಿಬಂದು ಹತ್ತಿದರು. ಸದು ಕೈ ಬೀಸಿದ.

ಉಪನಯನಕ್ಕೆ ಬರುತ್ತೇವೆ. ಅವನಿಗೆ ತಿಳಿಸುವುದೋ ಬೇಡವೋ ನಿಮಗೆ ಬಿಟ್ಟದ್ದು. ನಾನಾಗಿ ಇನ್ನು ಕೇಳುವುದಿಲ್ಲ.

ಸದುವಿನ ಚಿಕ್ಕಮ್ಮ,
ರಮಾಮಣಿ